ತೂತಿಲ್ಲದ ಫೋನು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ತವರಿನವರೂ ಇದನ್ನೇ ಹೇಳುತ್ತಾರೆ, ಗಂಡನ ಮನೆಯವರೂ ಇದನ್ನೇ ಹೇಳುತ್ತಾರೆ. ಎರಡೂ ಕಡೆಯವರು ಒಪ್ಪುವ ಮಾತು ಇದೊಂದೇ. ಆದರೂ ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆದುಕೊಳ್ಳದೆ ಹೋಗಿ, ಬೈಲಹೊಂಗಲದ ಪೇಟೆಯಲ್ಲಿ ಮೊಬೈಲ್ ಅಂಗಡಿಯವರ ಜೊತೆ ಜಗಳಕ್ಕೆ ನಿಂತೆನಲ್ಲ, ಅದು ಬರೀ ಸಿಟ್ಟಿನಿಂದ ಆದದ್ದಲ್ಲ. ನನಗೆ ಹೆದರಿಕೆಯಾಗಿತ್ತು. ಅಕ್ಕ ನನ್ನನ್ನು ಬಿಟ್ಟು ಹೋಗುತ್ತಾಳೆ ಎಂಬ ಹೆದರಿಕೆ.

ಅಕ್ಕ ನನ್ನ ಒಡಹುಟ್ಟಿದವಳಲ್ಲ, ನೆಗೆಣ್ಣಿ. ನನ್ನ ಗಂಡನ ಅಣ್ಣನ ಹೆಂಡತಿ. ತೊರಗಲ್ಲಿನ ಹೆಣ್ಣುಮಗಳು. ನಾನು ಈ ಮನೆಗೆ ಕಾಲಿಟ್ಟ ದಿನ, ಅಡುಗೆಮನೆಯ ಮೂಲೆಯಲ್ಲಿ ಕೂಡಿಸಿ, ಯಾರಿಗೂ ಕಾಣದ ಹಾಗೆ ತುಪ್ಪ ಬೆಲ್ಲ ಸವರಿದ ಬಿಸಿ ರೊಟ್ಟಿ ತಿನ್ನಿಸಿದವಳು. ಮದುಮಗಳಿಗೆ ಹಸಿವಾಗಿದೆ ಎಂಬುದು ಆ ತುಂಬಿದ ಮನೆಯಲ್ಲಿ ಹೊಳೆದದ್ದು ಅವಳೊಬ್ಬಳಿಗೇ. ಭಾವ ತೀರಿಕೊಂಡ ಮೇಲೆ ನಾವಿಬ್ಬರೂ ಕೂಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಾನಾವಳಿ ಹಾಕಿದೆವು. ನನ್ನ ಗಂಡ ಗಲ್ಲಾಪೆಟ್ಟಿಗೆಯ ಮುಂದೆ, ನಾವಿಬ್ಬರು ಒಲೆಯ ಮುಂದೆ. ಬೋರ್ಡು ಬರೆಸಲಿಲ್ಲ. ಓಣಿಯ ತಿರುವಿನಲ್ಲೇ ನಮ್ಮ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಹಸಿದವರು ಅದನ್ನು ಹಿಡಿದೇ ಬರುತ್ತಿದ್ದರು.

ಆ ಸಪ್ಪಳದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಬಡಿಯುವ ಕಲ್ಲು ಎರಡು, ಹೆಂಚು ಒಂದೇ. ಹೆಂಚು ನಡುವೆ, ಅದರ ಆಚೆ ಅಕ್ಕ, ಈಚೆ ನಾನು. ನನ್ನ ರೊಟ್ಟಿ ಅರ್ಧ ಆಗುವ ಹೊತ್ತಿಗೆ ಅಕ್ಕನದು ಹೆಂಚಿಗೆ ಬೀಳಬೇಕು. ಅವಳದು ಬೆಂದು ಕೆಂಡದ ಮೇಲೆ ಉಬ್ಬುವ ಹೊತ್ತಿಗೆ ನನ್ನದು ಹೆಂಚಿಗೆ ಬರಬೇಕು. ಇದನ್ನು ಯಾರೂ ನೋಡಿಕೊಂಡು ಮಾಡುವುದಿಲ್ಲ. ಕಣ್ಣು ತನ್ನ ಕಲ್ಲಿನ ಮೇಲೆ, ಕಿವಿ ಎದುರಿನವಳ ಕೈಯ ಮೇಲೆ. ಹಿಟ್ಟಿನ ಉಂಡೆ ದಪ್ಪ ಇರುವಾಗ ಸಪ್ಪಳ ಮಂದ, ದಪ್ ದಪ್ ಎನ್ನುತ್ತದೆ. ಅಗಲವಾಗಿ ತೆಳುವಾಗುತ್ತ ಹೋದಂತೆ ಒಳಗಿನ ಕಲ್ಲು ಮಾತಾಡತೊಡಗುತ್ತದೆ, ಟಪ್ ಟಪ್ ಎನ್ನುತ್ತದೆ. ಅಲ್ಲಿಗೆ ಕೈ ನಿಲ್ಲಬೇಕು. ಇನ್ನೊಂದು ಏಟು ಬಿತ್ತೋ, ರೊಟ್ಟಿ ಹರಿಯಿತು. ಹೇಳಿಕೊಡುವ ವಿದ್ಯೆಯಲ್ಲ ಇದು, ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅವ್ವನ ಪಕ್ಕ ಕೂತು ಕೂತು ಬರುವಂಥದ್ದು.

ಅಕ್ಕನ ಕಿವಿ ಮಂದವಾದದ್ದು ಮೊದಲು ನನಗೆ ಗೊತ್ತಾದದ್ದೂ ಹೀಗೇ. ಮಾತಿನಲ್ಲಿ ಅಲ್ಲ. ಎರಡು ರೊಟ್ಟಿ ಒಟ್ಟಿಗೇ ಹೆಂಚಿಗೆ ಬರತೊಡಗಿದವು. ಇಲ್ಲವೇ ಹೆಂಚು ಖಾಲಿ ಕಾಯುತ್ತಿತ್ತು. ನಾನು ಒದರಾಡಿದೆ. ಅಕ್ಕ ನಗುತ್ತ ಕೂತಿದ್ದಳು. ಆ ನಗು ನೋಡಿದಾಗ ನನಗೆ ತಿಳಿಯಿತು, ನಾನು ಬೈದದ್ದು ಅವಳಿಗೆ ಕೇಳಿಲ್ಲ.

ಕಿವಿಯ ಮಷಿನ್ನು ಹಾಕಿಸಿದೆವು. ಒಲೆಯ ಮುಂದಿನ ಬೆವರಿಗೆ ಅದು ಸೀಟಿ ಹೊಡೆಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಜನ ಅದನ್ನು ನೋಡಿದ ಕೂಡಲೇ ಬಾಯಿ ದೊಡ್ಡದು ಮಾಡಿ ಒದರುತ್ತಿದ್ದರು, ಅಕ್ಕನೇನೋ ಹೊಲದ ಆಚೆ ದಂಡೆಯಲ್ಲಿ ನಿಂತಿದ್ದಾಳೆ ಎಂಬಂತೆ. ಅವಳು ಅದನ್ನು ಕಿತ್ತು ಡಬ್ಬಿಯಲ್ಲಿಟ್ಟಳು. “ಒದರಿಸಿಕೊಳ್ಳೂದಕ್ಕಿಂತ ಕೇಳದ ಇರೂದ ಛಲೋ ತಂಗೀ,” ಎಂದಳು.

ಆಗ ದಾರಿ ತೋರಿಸಿದವಳು ನನ್ನ ಮಗಳು. ಸವದತ್ತಿಯ ಶಾಲೆಯೊಂದರಲ್ಲಿ ಟೀಚರ್, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮನೆಯಲ್ಲಿ ಬಿದ್ದಿದ್ದ ಹಳೆಯ ಫೋನಿಗೆ ಒಂದು ಆ್ಯಪು ಹಾಕಿದಳು. ಸುತ್ತಲಿನ ಸಪ್ಪಳ ಹಿಡಿದು, ದೊಡ್ಡದು ಮಾಡಿ, ಕಿವಿಗೆ ಕೊಡುವಂಥದ್ದು. ಫೋನನ್ನು ಒಂದು ಬಟ್ಟೆಯ ಚೀಲದಲ್ಲಿ ಹಾಕಿ ಅಕ್ಕನ ಕೊರಳಿಗೆ ತೂಗುಬಿಟ್ಟಳು, ವಾಯರ್ ಚುಚ್ಚಿದಳು, ಎರಡು ತುದಿಗಳನ್ನು ಕಿವಿಗಿಟ್ಟಳು. ನಾನು ಯಥಾಪ್ರಕಾರ ಏನೋ ಕಿರುಚುತ್ತಿದ್ದೆ. ಅಕ್ಕ ಬೆಚ್ಚಿ ಬಿದ್ದು ನನ್ನ ಕಡೆ ತಿರುಗಿದಳು.

“ಅಯ್ಯ ಶಿವನ! ತಂಗೀ, ನೀ ಇಷ್ಟ ಒದರತೀ ಅಂತ ನಂಗ ಮರತ ಹೋಗಿತ್ತ ನೋಡ!”

ಮಗಳು ನಕ್ಕು ನಕ್ಕು ಅತ್ತಳು. ನಾನೂ ಅತ್ತೆ, ಸಿಟ್ಟಿನಿಂದ ಎಂದು ಹೇಳಿಕೊಂಡೆ.

ಅಂದಿನಿಂದ ಹೆಂಚು ಮತ್ತೆ ಖಾಲಿ ಕಾಯಲಿಲ್ಲ. ಇನ್ನೂ ಒಂದು ಮಜಾ ಆಯಿತು. ಕಿವಿಯಲ್ಲಿ ವಾಯರ್ ನೋಡಿದವರು ಅಕ್ಕ ಹಾಡು ಕೇಳುತ್ತಿದ್ದಾಳೆ ಎಂದುಕೊಂಡರು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿ ಡ್ರೈವರ್ ಒಬ್ಬರಿದ್ದಾರೆ, ತಲೆ ಅರ್ಧ ಬೆಳ್ಳಗಾದವರು, ಸುಗ್ಗಿಯ ದಿನಗಳಲ್ಲಿ ನಮ್ಮಲ್ಲೇ ಊಟ. ಅವರು ಕೂರುವಾಗಲೇ ಕೇಳುತ್ತಿದ್ದರು:

“ದೊಡ್ಡ ಅಕ್ಕಾರ, ಇವತ್ತ ಯಾವ ಹಾಡ್ರಿ?”

ಅಕ್ಕ ಬಡಿಯುವ ಕೈ ನಿಲ್ಲಿಸದೆ, “ಭಜನಿ ಪದಾನಪಾ,” ಎನ್ನುತ್ತಿದ್ದಳು. ಒಮ್ಮೊಮ್ಮೆ, “ಸಿನಿಮಾದ್ದ,” ಎಂದು ಹೇಳಿ ಹುಡುಗಿಯ ಹಾಗೆ ನಾಚಿಕೊಳ್ಳುತ್ತಿದ್ದಳು. ಯಾರೂ ಒದರುತ್ತಿರಲಿಲ್ಲ. ಆ ಸಣ್ಣ ಸುಳ್ಳಿನಿಂದ ಅವಳ ಬೆನ್ನು ನೆಟ್ಟಗಾಗಿತ್ತು. ನಾನು ಯಾಕೆ ಬಿಡಿಸಿ ಹೇಳಲಿ? ಅವಳ ಕಿವಿ, ಅವಳ ಸುಳ್ಳು.

ಒಲೆಯ ಕಾವಿಗೆ ಆ ಹಳೆಯ ಫೋನು ಎಷ್ಟು ದಿನ ತಾಳೀತು? ಒಂದು ಬೆಳಗ್ಗೆ ನೋಡಿದರೆ ಅದರ ಬ್ಯಾಟರಿ ಕೆಂಡದ ಮೇಲಿನ ರೊಟ್ಟಿಯಂತೆ ಉಬ್ಬಿ, ಹಿಂದಿನ ಮುಚ್ಚಳ ಎದ್ದು ನಿಂತಿತ್ತು. ಆ ಮಾಡೆಲ್ಲಿನ ಬ್ಯಾಟರಿ ಈಗ ಬರುವುದೇ ಇಲ್ಲ ಎಂದರು. ಮಗಳು ತಾನೇ ಹೋಗಿ ತನ್ನ ಪಗಾರದಲ್ಲಿ ದೊಡ್ಡವ್ವನಿಗೆ ಹೊಸ ಫೋನು ತಂದಳು. ಕನ್ನಡಿಯಂಥ ಫೋನು. ಜೊತೆಗೆ ಒಂದು ಪುಟ್ಟ ಡಬ್ಬಿ, ಅದರೊಳಗೆ ವಾಯರಿಲ್ಲದ ಎರಡು ಬಿಳಿ ಗುಂಡಿಗಳು. ಬಡ್ಸ್ ಅಂತೆ. ನಾನು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದೆ.

“ವಾಯರ್ ಚುಚ್ಚೂ ತೂತ ಎಲ್ಲೈತಿ?”

“ಈಗ ಕೊಡಂಗಿಲ್ಲವ್ವಾ. ಫೋನ್ ತೆಳ್ಳಗ ಆಗಬೇಕು, ಒಳಗ ನೀರ ಹೋಗಬಾರದು ಅಂತ ತಗದಾರ.”

“ತೆಳ್ಳಗ ಆಗೂದು ರೊಟ್ಟಿ ಕೆಲಸ. ಫೋನಿಗೇನ ಧಾಡಿ?”

“ನೀ ಸುಮ್ನ ಇರು. ದೊಡ್ಡವ್ವಾ, ಹಾಕ್ಕೋ.”

ಹಾಕಿಕೊಂಡಳು. ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು. ಕೊರಳಿಗೆ ವಾಯರ್ ಸುತ್ತಿಕೊಳ್ಳುವುದು ತಪ್ಪಿತು. ಮಗಳ ಮುಖ ಅರಳಿತು. ಅಂಥ ಮಗಳ ಮೇಲೆ ಸಿಟ್ಟು ಮಾಡುವುದು ನನ್ನಿಂದಲೂ ಆಗದ ಕೆಲಸ.

ಮರುದಿನ ಅಕ್ಕ ಕಲ್ಲಿನ ಮುಂದೆ ಕೂತಳು. ಉಂಡೆ ಇಟ್ಟು ಒಂದು ಏಟು ಹಾಕಿದಳು. ನಿಂತಳು. ಇನ್ನೊಂದು ಏಟು. ಮತ್ತೆ ನಿಂತಳು. ತಿರುಗಿ ಹಿಂದಿನ ಗೋಡೆ ನೋಡಿದಳು.

“ತಂಗೀ, ನನ್ನ ಹಿಂದ ಯಾರೋ ರೊಟ್ಟಿ ಬಡ್ಯಾಕತ್ತಾರ.”

“ತಲಿ ಕೆಟ್ಟೈತೇನ ಅಕ್ಕಾ? ಹಿಂದ ಗ್ವಾಡಿ ಐತಿ.”

“ಖರೇನ. ನಾ ಬಡದ ಮ್ಯಾಲ ಅವರು ಬಡೀತಾರ.”

ಸಂಜೆ ಮಗಳು ಬಂದು ಬಿಡಿಸಿ ಹೇಳಿದಳು. ವಾಯರಿನಲ್ಲಾದರೆ ಸಪ್ಪಳ ಆಗಿಂದಾಗಲೇ ಕಿವಿಗೆ ಬರುತ್ತದೆ. ವಾಯರಿಲ್ಲದಿದ್ದರೆ ಫೋನಿನಿಂದ ಗಾಳಿಯಲ್ಲಿ ಹಾರಿ ಬರಲು ಕಣ್ಣು ಮಿಟುಕಿಸುವಷ್ಟು ತಡವಾಗುತ್ತದೆ. ಹಾಡು ಕೇಳುವವರಿಗೆ ಅದರಿಂದ ಏನೂ ಆಗದು. ಆದರೆ ಅಕ್ಕನ ಕೈ ಆ ಟಪ್ ಎಂಬ ಸಪ್ಪಳಕ್ಕೆ ಕಾಯುವ ಕೈ. ಸಪ್ಪಳ ಬರುವಷ್ಟರಲ್ಲಿ ಮುಂದಿನ ಏಟು ಬಿದ್ದಿರುತ್ತಿತ್ತು. ಬುಟ್ಟಿಯಲ್ಲಿ ಹರಿದ ರೊಟ್ಟಿಗಳು ಬಿದ್ದವು, ಅಕ್ಕನ ಜನ್ಮದಲ್ಲಿ ಬೀಳದಷ್ಟು. ಬಡ್ಸ್ ತೆಗೆದಿಟ್ಟು ಬಡಿದು ನೋಡಿದಳು, ಏನೂ ಕೇಳದೆ ಕಲ್ಲು ಸತ್ತಂತಾಯಿತು ಎಂದಳು. ಮತ್ತೆ ಹಾಕಿಕೊಂಡು ನಿಧಾನ, ನಿಧಾನ ಬಡಿದಳು. ಹಿಂದೆ ಬಡಿಯುವವರು ಮುಗಿಸಲಿ ಎಂದು ಕಾಯುತ್ತ ಬಡಿದಳು. ಎದುರಿಗೆ ಕೂತು ಅದನ್ನು ನೋಡುವುದು ನನಗೆ ಆಗಲಿಲ್ಲ. ನನ್ನ ಲಯವೂ ತಪ್ಪಿ, ಹೊರಗೆ ಗಿರಾಕಿಗಳು ಖಾಲಿ ತಾಟು ಕುಟ್ಟತೊಡಗಿದರು.

ಅದರ ಮೇಲೆ ಆ ಅನಾಹುತ. ಬೆವರಿಗೆ ಒಂದು ಬಡ್ಸ್ ಜಾರಿ ಹಿಟ್ಟು ನಾದುವ ಪರಾತದಲ್ಲಿ ಬಿದ್ದದ್ದು ಯಾರಿಗೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಮನೋಳಿ ಕಡೆಯ ಬಿಳಿ ಜೋಳದ ಹಿಟ್ಟು, ಅದರಲ್ಲಿ ಬಿಳಿ ಗುಂಡಿ. ಅಕ್ಕ ಅದನ್ನು ನಾದಿದಳು. ಉಂಡೆ ಮಾಡಿ ಬಡಿದದ್ದು ನಾನೋ ಅವಳೋ, ದೇವರಿಗೇ ಗೊತ್ತು, ತಾಟು ಕುಟ್ಟುವವರ ಅವಸರದಲ್ಲಿ ಕೈಗೂ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಡ್ರೈವರಣ್ಣನ ದನಿ ಬಂತು.

“ಸಣ್ಣ ಅಕ್ಕಾರ, ಒಂದೀಟ ಬರ್ರಿ ಇಲ್ಲೆ. ನನ್ನ ರೊಟ್ಟಿಗೆ ಹಲ್ಲ ಬಂದೈತ್ರಿ.”

ಓಡಿ ಹೋಗಿ ನೋಡಿದರೆ ರೊಟ್ಟಿಯ ನಡುವೆ, ಬೆಂದು ಕಂದಾಗಿ, ಆ ಗುಂಡಿ. ಬೇರೆ ಯಾರಾದರೂ ಆಗಿದ್ದರೆ ಊರು ಒಂದು ಮಾಡುತ್ತಿದ್ದರು. ಅವರು ಅದನ್ನು ನೀರಿನಲ್ಲಿ ಅದ್ದಿ ತೊಳೆದು, ಶೇಂಗಾ ಚಟ್ನಿಯ ಬಟ್ಟಲಿನಲ್ಲಿಟ್ಟು ನನ್ನ ಕೈಗೆ ಕೊಟ್ಟು, “ಇನ್ನೊಂದ ರೊಟ್ಟಿ ಹಾಕ್ರಿ,” ಎಂದರು. ಉಳಿದ ಮೇಜಿನವರು ಮಾತ್ರ ಹೊಟ್ಟೆ ಹಿಡಿದು ನಕ್ಕರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕಿವಿಯಲ್ಲಿ ಒಂದೇ ಬಡ್ಸ್. ನಗು ಕೇಳಿಸಿತೋ ಇಲ್ಲವೋ, ಕಾಣಿಸಿತಂತೂ ಖರೆ.

ಮರುದಿನ ಅವಳು ಕಲ್ಲಿನ ಮುಂದೆ ಕೂರಲಿಲ್ಲ. ಹಿಂದಿನ ಕೋಣೆಯಲ್ಲಿ ಹಿಟ್ಟು ಸಾಣಿಸುತ್ತ ಕೂತಳು. “ಇದಕ್ಕ ಕಿವಿ ಬೇಕಿಲ್ಲ,” ಎಂದಳು. ಅವಳ ಜಾಗಕ್ಕೆ ಬೇರೊಬ್ಬಳನ್ನು ಕರೆಯುವ ಮಾತು ನನ್ನ ಗಂಡ ಎತ್ತಿದರು. ಅವರಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಪೇಟೆಗೆ ಹೋದದ್ದು ಅಂದೇ. “ತೂತ ಇರೂ ಫೋನ್ ಕೊಡ್ರಿ.”

ಅಂಗಡಿಯ ಹುಡುಗ ಒಳ್ಳೆಯವನೇ. “ಜ್ಯಾಕ್ ಅಂತಾರ್ರಿ ಅಕ್ಕಾರ ಅದಕ್ಕ,” ಎಂದ.

“ಜ್ಯಾಕ್ ಹಾಕೂದು ಲಾರಿಗೆ. ನಂಗ ತೂತ ಬೇಕು. ಐತೋ ಇಲ್ಲೋ?”

“ಯಾರೂ ವಾಯರ್ ಕೇಳಂಗಿಲ್ರಿ ಈಗ. ಇದ್ದ ಒಂದೆರಡು ಖಾಲಿ ಆದವು. ತರಸಿ ಕೊಡತೇನ್ರಿ, ಆದ್ರ ಭಾಳ ದಿನ ಹಿಡೀತೈತ್ರಿ.”

“ನಾ ಕೇಳಾಕತ್ತಿಲ್ಲೇನ? ನಾ ಯಾರೂ ಅಲ್ಲೇನ ಹಂಗಾರ?”

ಪಾಪ, ಅವನೇನು ಮಾಡಿಯಾನು. ಎರಡನೆಯ ಅಂಗಡಿಯವರು ಫೋನಿಗೆ ಚಾರ್ಜರ್ ಚುಚ್ಚುವ ಬಾಯಿಗೆ ಸಿಕ್ಕಿಸುವ ಒಂದು ಬಾಲದಂಥ ತುಂಡು ಕೊಟ್ಟರು. ಅದರ ತುದಿಗೆ ಹಳೆಯ ವಾಯರ್ ಚುಚ್ಚಬಹುದು. ತಂದು ಹಾಕಿದೆವು. ಕೇಳಿಸಿತು, ತಡವೂ ಇಲ್ಲ. ಅಕ್ಕ ಕಲ್ಲಿಗೆ ಬಂದಳು, ನಾನು ದೇವರಿಗೆ ಕೈ ಮುಗಿದೆ. ಆದರೆ ಬಾಗಿ ಬಡಿಯುವಾಗಲೆಲ್ಲ ಕೊರಳಿನ ಫೋನು ತೂಗಾಡುತ್ತಿತ್ತು, ಬಾಲ ಸಡಿಲವಾಗಿ ಕಿವಿಯಲ್ಲಿ ಕರಕರ ಎನ್ನುತ್ತಿತ್ತು. ಬಾಯಿ ಒಂದೇ ಆದ್ದರಿಂದ ಬಾಲ ಇರುವಾಗ ಚಾರ್ಜು ಮಾಡುವಂತಿಲ್ಲ. ಗಿರಾಕಿ ತುಂಬುವ ಮಧ್ಯಾಹ್ನಕ್ಕೆ ಸರಿಯಾಗಿ ಫೋನು ಕಣ್ಣು ಮುಚ್ಚುತ್ತಿತ್ತು. ಕೆಲವೇ ದಿನಕ್ಕೆ ಬಾಲ ಬುಡದಲ್ಲಿ ಮುರಿಯಿತು. ಮದುವೆಗೆಂದು ಕಿತ್ತೂರಿಗೆ ಹೋದಾಗ ಅಲ್ಲಿಯೂ ಅಕ್ಷತೆ ಹಾಕಿದವಳೇ ಮೊಬೈಲ್ ಅಂಗಡಿ ಹುಡುಕಿದೆ. ಅಲ್ಲಿಯೂ ಇದೇ ಬಾಲ.

ಕಿತ್ತೂರಿನಿಂದ ಬಂದಾಗ ಅಕ್ಕನ ಚೀಲ ಬಾಗಿಲಲ್ಲಿತ್ತು.

“ತಮ್ಮನ ಮನಿಗೆ ಹೋಗತೇನಿ ತಂಗೀ. ತೊರಗಲ್ಲಿಗೆ.”

“ಎಷ್ಟ ದಿವಸಕ್ಕ?”

ಅದು ಕೇಳಿಸಲಿಲ್ಲವೋ, ಕೇಳಿಸದಂತೆ ಮಾಡಿದಳೋ. ನನ್ನ ಕೆನ್ನೆ ಸವರಿ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು. ಜಗಳವಾಡಿದ್ದರೆ ಎದುರು ಜಗಳ ತೆಗೆಯುತ್ತಿದ್ದೆ. ಕೆನ್ನೆ ಸವರಿದವಳ ಜೊತೆ ಏನು ಮಾಡುವುದು? ಅವಳಿಲ್ಲದ ಅಡುಗೆಮನೆಯಲ್ಲಿ ನಾನೊಬ್ಬಳೇ ಬಡಿದೆ. ಎದುರಿನ ಕಲ್ಲು ಒಣಗಿ ಬಿದ್ದಿತ್ತು.

ಎರಡು ದಿನಕ್ಕೆ ಡ್ರೈವರಣ್ಣ ಬಂದರು. “ದೊಡ್ಡ ಅಕ್ಕಾರ ಎಲ್ರಿ? ಹಾಡಿಲ್ಲೇನ ಇವತ್ತ?”

ನನಗೆ ತಡೆಯಲಾಗಲಿಲ್ಲ. “ನಿಮ್ಮ ಹಾಡಿಗಿಷ್ಟ ಬೆಂಕಿ ಹಚ್ಚ! ನೀವೆಲ್ಲಾ ನಕ್ಕಿದ್ದಕ್ಕ ಹ್ವಾದ್ಲು ಆಕಿ. ಅದು ಹಾಡಲ್ರಿ, ಆಕಿಗೆ ಕಿವಿ…” ಎಂದು ಅಲ್ಲಿಗೆ ನಾಲಿಗೆ ಕಚ್ಚಿಕೊಂಡೆ.

ಅವರು ತಾಟು ಸರಿಸಿದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು.

“ಕಿವಿ ಕೇಳಂಗಿಲ್ಲ ಅನ್ನೂದು ನಮಗ ಮೊದಲಿಂದ ಗೊತ್ತೈತ್ರಿ. ನಮ್ಮವ್ವಗೂ ಹಂಗ ಇತ್ತು. ಹಾಡು ಯಾವುದು ಅಂದ್ರ ದೊಡ್ಡ ಅಕ್ಕಾರ ಮಾರಿ ಖುಷಿ ಆಗತಿತ್ತು, ಅದಕ್ಕ ಕೇಳತಿದ್ದೇವ್ರಿ. ಇಲ್ಲಿ ದಿನಾ ಉಣ್ಣಾವರಿಗೆಲ್ಲಾ ಗೊತ್ತೈತ್ರಿ.”

ಮರುದಿನ ಖಾನಾವಳಿಗೆ ಬೀಗ ಹಾಕಿಸಿ ಬಸ್ಸು ಹತ್ತಿದೆ. ಸವದತ್ತಿಯಲ್ಲಿ ಬಸ್ಸು ಬದಲಿಸುವ ನಡುವೆ ಎರಡು ಅಂಗಡಿ ಹೊಕ್ಕು ಬಂದೆ, ಇಲ್ಲ. ರಾಮದುರ್ಗದ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ, ಬೈಸಿಕೊಳ್ಳಲು ಇನ್ನೊಬ್ಬ ಸಿಕ್ಕ ಎಂದುಕೊಂಡೇ, “ತೂತ ಐತೇನ್ರಿ?” ಎಂದೆ.

“ಐತ್ರಿ,” ಎಂದ ಆತ.

ನಾನು ಜಗಳಕ್ಕೆ ತೆರೆದ ಬಾಯಿ ಹಾಗೇ ಉಳಿಯಿತು. “ನಮ್ಮಲ್ಲಿ ಟ್ರ್ಯಾಕ್ಟರ್ ಹೊಡ್ಯಾವರು ಇದನ್ನ ಕೇಳತಾರ್ರಿ. ಆ ಕುಲುಕಾಟಕ್ಕ ಬಡ್ಸ್ ಕಿವ್ಯಾಗ ನಿಲ್ಲಂಗಿಲ್ಲ. ಬಿದ್ರ ಮಣ್ಣಾಗ ಹುಡುಕೂದು ಯಾರು?” ಎಂದು ಸಾದಾ ಒಂದು ಫೋನು ತೆಗೆದು ಮುಂದಿಟ್ಟ. ಮೇಲಿನ ಅಂಚಿನಲ್ಲಿ ದುಂಡಗೆ, ಕಪ್ಪಗೆ, ಚೊಕ್ಕಾಗಿ ಒಂದು ತೂತು. ಅದನ್ನು ನೋಡಿ ನನಗೆ ಆದ ಸಂತೋಷ ಮಗಳು ಹುಟ್ಟಿದಾಗ ಆಗಿತ್ತೋ ಇಲ್ಲವೋ. ಮಗಳಿಗೆ ಫೋನು ಮಾಡಿದೆ. ತಾನು ಪ್ರೀತಿಯಿಂದ ತಂದದ್ದು ದೊಡ್ಡವ್ವನಿಗೆ ಆಗಿಬರಲಿಲ್ಲವಲ್ಲ ಎಂದು ಅವಳು ಒಳಗೊಳಗೇ ಸೊರಗಿದ್ದಳು. ಶಾಲೆಯಲ್ಲಿ ಪಾಠ ಮುಗಿಸಿ ಬಂದವಳೇ, ಯಾವ ಆ್ಯಪು, ಎಲ್ಲಿ ಒತ್ತಬೇಕು ಎಂಬುದನ್ನೆಲ್ಲ ಆ ಅಂಗಡಿಯವನಿಗೆ ಫೋನಿನಲ್ಲೇ ಹೇಳಿಕೊಟ್ಟಳು.

ತೊರಗಲ್ಲಿನ ಮನೆಯಲ್ಲಿ ಅಕ್ಕ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಕೈ ಎರಡೂ ಖಾಲಿ. ಆ ಕೈಗಳನ್ನು ಖಾಲಿ ನೋಡಿದ್ದು ನಾನು ಅದೇ ಮೊದಲು. ನನ್ನನ್ನು ಕಂಡು ಎದ್ದಳು, ಏನಾದರೂ ಕೆಡುಕಾಯಿತೇ ಎಂದು ಹೆದರಿದಳು. ನಾನು ವಿವರಿಸಲು ಹೋಗಲಿಲ್ಲ. ಹೊಸ ಫೋನಿನ ಚೀಲ ಅವಳ ಕೊರಳಿಗೆ ಹಾಕಿದೆ, ವಾಯರ್ ಚುಚ್ಚಿದೆ, ಕಿವಿಗಿಟ್ಟೆ. ಅವರ ಮನೆಯ ಕಲ್ಲಿನ ಮುಂದೆ ಕೂತು, ತಮ್ಮನ ಹೆಂಡತಿ ನಾದಿಟ್ಟಿದ್ದ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದೆ. ಅಕ್ಕನ ಕಡೆ ನೋಡಲಿಲ್ಲ. ನೋಡಲು ಧೈರ್ಯ ಇರಲಿಲ್ಲ.

ದಪ್ ದಪ್ ಹೋಗಿ ಟಪ್ ಟಪ್ ಬಂತು. ನಾನು ಕೈ ನಿಲ್ಲಿಸಿದೆ.

“ಆಗಿಲ್ಲ ತಂಗೀ,” ಎಂದಳು ಅಕ್ಕ ಹಿಂದಿನಿಂದ. “ಆ ಕಡೆ ಅಂಚ ಇನ್ನಾ ದಪ್ಪ ಐತಿ. ಕೇಳಸಲಿಲ್ಲೇನ ನಿಂಗ?”

ಮುಟ್ಟಿ ನೋಡಿದೆ. ದಪ್ಪ ಇತ್ತು. ರೊಟ್ಟಿಯ ಮೇಲೆ ಕಣ್ಣೀರು ಬೀಳಬಾರದೆಂದು ಸೆರಗು ಕಣ್ಣಿಗೆ ಒತ್ತಿಕೊಂಡೆ. ಅಕ್ಕ ನನ್ನನ್ನು ಆಚೆ ಸರಿಸಿ, “ಏಳ, ಹಿಟ್ಟ ಆರತೈತಿ,” ಎಂದು ತಾನು ಕೂತಳು. ಅಂದು ಸಂಜೆಯ ಬಸ್ಸಿಗೆ ಇಬ್ಬರೂ ಬಂದೆವು.

ಮಗಳ ಕನ್ನಡಿ ಫೋನೂ ವ್ಯರ್ಥವಾಗಲಿಲ್ಲ. ತಮ್ಮನ ಜೊತೆ ಮಾತಾಡಲು ಅಕ್ಕ ಅದನ್ನೇ ಇಟ್ಟುಕೊಂಡಿದ್ದಾಳೆ, ಆಗ ಉಳಿದ ಒಂದೇ ಬಡ್ಸ್ ಸಾಕಂತೆ.

ಅವಳು ಮತ್ತೆ ಕಲ್ಲಿಗೆ ಕೂತ ಮೊದಲ ಮಧ್ಯಾಹ್ನ ಡ್ರೈವರಣ್ಣ ಬಂದರು. ಬಾಗಿಲಲ್ಲೇ ಸಪ್ಪಳ ಕೇಳಿದಾಗ ಅವರ ಮುಖ ನೋಡಬೇಕಿತ್ತು. ಒಳಗೆ ಇಣುಕಿ, ಎಂದಿನಂತೆಯೇ ಕೇಳಿದರು.

“ದೊಡ್ಡ ಅಕ್ಕಾರ, ಇವತ್ತ ಯಾವ ಹಾಡ್ರಿ?”

ಅಕ್ಕ ಬಡಿಯುತ್ತಿದ್ದ ಕೈ ನಿಲ್ಲಿಸಿದಳು.

“ಹಾಡಲ್ಲಪಾ,” ಎಂದಳು, ಹೊರಗಿನ ಮೇಜುಗಳಿಗೂ ಕೇಳುವಂತೆ. “ನಂಗ ಕಿವಿ ಕೇಳಂಗಿಲ್ಲ. ಭಾಳ ದಿವಸ ಆತು. ನನ್ನ ಕೈ ಸಪ್ಪಳ ನಂಗ ಕೇಳಲಿ ಅಂತ ಹಾಕ್ಕೊಂಡೇನಿ. ಇಷ್ಟ ದಿನ ನಿಮಗ ಸುಳ್ಳ ಹೇಳಿದೆ ನೋಡ.”

ಹೊರಗೆ ತಾಟುಗಳ ಸಪ್ಪಳ ನಿಂತಿತು. ಎಲ್ಲರೂ ತಲೆ ಬಗ್ಗಿಸಿ ಕೂತಿದ್ದರು. ಡ್ರೈವರಣ್ಣ ಕಣ್ಣು ದೊಡ್ಡದು ಮಾಡಿ, ಎದೆಯ ಮೇಲೆ ಕೈ ಇಟ್ಟುಕೊಂಡರು.

“ಹೌದೇನ್ರಿ!” ಎಂದರು. “ನಮಗ ಯಾರಿಗೂ ಗೊತ್ತ ಇರಲಿಲ್ಲ ನೋಡ್ರಿ.”